ಬಂಡೆ ಕೊರೆಯುವವನಿಗೊಂದು ಪರೀಕ್ಷೆ

ಇಳಕಲ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಟೋಪ್ ತೆನೆಯ ಸೆರಗಿನ ಸೀರೆ. ಬಾಗಲಕೋಟೆ ಜಿಲ್ಲೆಯ ಈ ಊರಿಗೆ ಹೆಸರು ತಂದ ಇನ್ನೊಂದು ವಸ್ತುವಿದೆ, ಅದು ಗುಲಾಬಿ ಛಾಯೆಯ ಕೆಂಪು ಗ್ರಾನೈಟ್. ಲಾರಿಗಳಲ್ಲಿ ಸಾಗುವ ಅದರ ದಿಮ್ಮಿಗಳನ್ನು ನೀವು ಕಂಡಿರಬಹುದು. ಇನ್ನೊಮ್ಮೆ ಕಂಡಾಗ ಅದರ ಬದಿಯನ್ನು ಗಮನಿಸಿ. ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಅರ್ಧ ಕೊಳವೆಯಾಕಾರದ ಗೆರೆಗಳಿರುತ್ತವೆ. ಬಂಡೆಯನ್ನು ಸೀಳುವ ಮೊದಲು ಕೊರೆದ ರಂಧ್ರಗಳ ಗುರುತು ಅವು. ರಂಧ್ರ ಕೊರೆದದ್ದು ಯಂತ್ರ. ಆದರೆ ಎಲ್ಲಿ ಕೊರೆಯಬೇಕು, ಎಷ್ಟು ಆಳಕ್ಕೆ, ಯಾವಾಗ ನಿಲ್ಲಿಸಬೇಕು ಎಂದು ಹೇಳಿದವನು ಒಬ್ಬ ಮನುಷ್ಯ. ಆ ಮನುಷ್ಯನಿಗೆ ತರಬೇತಿ ಬೇಕು, ಪರೀಕ್ಷೆ ಬೇಕು, ಪ್ರಮಾಣಪತ್ರ ಬೇಕು ಎಂದು ಸಮಾಜಕ್ಕೆ ಯಾವಾಗ ತೋಚಿತು? ಅದೇ ಈ ಲೇಖನದ ವಿಷಯ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಒಂದು ಚಿತ್ರೀಕರಣದ ದಿನ. ಇಳಕಲ್ ಸುತ್ತಿನ ಒಂದು ಕಲ್ಲುಗಣಿಗೆ ನಮ್ಮ ಕ್ಯಾಮೆರಾ ತಂಡ ಹೋಗಿತ್ತು. ಬೆಳಕು ಇಳಿಯುತ್ತಿತ್ತು. ಕೊರೆಯುವ ಯಂತ್ರವನ್ನು ಇನ್ನೊಮ್ಮೆ ಓಡಿಸಿ ತೋರಿಸಿ ಎಂದು ನಾನು ಕೇಳಿದೆ. ಮೇಲ್ವಿಚಾರಕರು ಕೈಯೆತ್ತಿದರು. ಕೂಡಲೇ ಕಂಪ್ರೆಸರ್ ಸದ್ದು ನಿಂತಿತು. "ತಡೀರಿ ಸಾಹೇಬ್ರ, ಇಲ್ಲಿ ಹಳೇ ತೂತೊಂದು ಐತಿ. ಅದನ್ನ ನೋಡಿದ ಮ್ಯಾಲೆ ಹೇಳ್ತೇನಿ" ಎಂದರು. ಅರ್ಧ ಗಂಟೆ ಕಳೆಯಿತು, ನಮಗೆ ಬೇಕಾಗಿದ್ದ ಬೆಳಕೂ ಹೋಯಿತು. ಆಗ ನನಗೆ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಹಳೆಯ ರಂಧ್ರದೊಳಗೆ ಸಿಡಿಯದೆ ಉಳಿದ ಮದ್ದು ಇರಬಹುದು, ಅದಕ್ಕೆ ಕೊರೆಯುವ ಮೊನೆ ತಗುಲಿದರೆ ಏನಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಅಂದು ಆ ಕೈ ಎತ್ತಿಸಿದ್ದು ಅವರ ಅನುಭವ ಮತ್ತು ಅವರು ಕಲಿತಿದ್ದ ನಿಯಮ, ಎರಡೂ.

ಮೊದಲು ಪಕ್ಕದ ಬಾದಾಮಿ ತಾಲ್ಲೂಕಿಗೆ ಹೋಗೋಣ. ಅಲ್ಲಿ ಕಲ್ಲಿನ ಕೆಲಸಕ್ಕೆ ಒಂದೂವರೆ ಸಾವಿರ ವರ್ಷಗಳ ಚರಿತ್ರೆಯಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಎಂಟನೆಯ ಶತಮಾನದ್ದು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಅದನ್ನು ಕಟ್ಟಿಸಿದಳು. ಅಲ್ಲಿನ ಶಾಸನ ದೇವಾಲಯ ಕಟ್ಟಿದ ಸೂತ್ರಧಾರಿಯ ಹೆಸರನ್ನೂ ಹೇಳುತ್ತದೆ: ಅನಿವಾರಿತಾಚಾರಿ ಗುಂಡ. ಅವನಿಗೆ 'ತ್ರಿಭುವನಾಚಾರಿ' ಎಂಬ ಬಿರುದನ್ನೂ 'ಪೆರ್ಜೆರೆಪು' ಎಂಬ ಗೌರವವನ್ನೂ ಕೊಟ್ಟರೆಂದು ಅದು ಸಾರುತ್ತದೆ. ಇದನ್ನು ಕಲ್ಲಿನಲ್ಲಿ ಕೆತ್ತಿದ ಪ್ರಮಾಣಪತ್ರವೆನ್ನಬಹುದಲ್ಲವೆ? ಆದರೆ ಒಂದು ವ್ಯತ್ಯಾಸವಿದೆ. ಈ ಪತ್ರ ಬಂದದ್ದು ಕೆಲಸ ಮುಗಿದು ಯಶಸ್ವಿಯಾದ ಮೇಲೆ, ಗೌರವವಾಗಿ. ಕೆಲಸಕ್ಕೆ ಕೈಹಾಕುವ ಮೊದಲೇ ಯೋಗ್ಯತೆಯನ್ನು ಪರೀಕ್ಷಿಸುವ ಪದ್ಧತಿ ಬರಲು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅದನ್ನು ತಂದದ್ದು ಸಾವುನೋವು.

ಇಳಕಲ್ಲಿನ ಪೂರ್ವಕ್ಕೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ ಬಂಡೆಯ ಆಳಕ್ಕೆ ಇಳಿದಿದ್ದರು. ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಬಿರುಕು ಬಿಡಿಸುವುದು ಅವರ ಉಪಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಹೊಸ ಶಕ್ತಿಗಳು ಒಟ್ಟಿಗೆ ಬಂದವು. ಒಂದು, ಒತ್ತಡದ ಗಾಳಿಯಿಂದ ಓಡುವ ಕೊರೆಯಂತ್ರ. ಇನ್ನೊಂದು, ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್. ಉಳಿ ಸುತ್ತಿಗೆಯ ತಪ್ಪಿನಿಂದ ಕಲ್ಲು ಕೆಡುತ್ತಿತ್ತು. ಈ ಹೊಸ ಶಕ್ತಿಗಳ ತಪ್ಪಿನಿಂದ ಇಡೀ ತಂಡವೇ ಸಾಯಬಹುದಾಗಿತ್ತು.

1897ರಲ್ಲಿ ಕೋಲಾರದ ಚಿನ್ನದ ಗಣಿಯ ದುರಂತದಲ್ಲಿ 52 ಮಂದಿ ಮಡಿದರು. ಅದರ ಹಿಂದೆಯೇ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಸತ್ತರು. ಗಣಿ ಸುರಕ್ಷತೆಯ ಕಾನೂನನ್ನು ತ್ವರೆಗೊಳಿಸಿದ್ದು ಈ ಎರಡು ಘಟನೆಗಳು. 1901ರ ಮಾರ್ಚ್‌ನಲ್ಲಿ ಭಾರತದ ಮೊದಲ ಗಣಿ ಕಾಯ್ದೆ ಬಂತು, 1902ರ ಜನವರಿಯಲ್ಲಿ ಗಣಿ ತಪಾಸಣೆಯ ಕಚೇರಿ ಕಲ್ಕತ್ತೆಯಲ್ಲಿ ತೆರೆಯಿತು. 1908ರಲ್ಲಿ ಧನಬಾದಿಗೆ ಹೋದ ಆ ಕಚೇರಿಯೇ ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಸ್ವಾತಂತ್ರ್ಯದ ನಂತರ 1952ರ ಗಣಿ ಕಾಯ್ದೆ, ಅದರಡಿ 1961ರ ಲೋಹ ಗಣಿಗಳ ನಿಯಮಾವಳಿ ರೂಪುಗೊಂಡವು. ಹೆಸರಿನಲ್ಲಿ 'ಲೋಹ' ಎಂದಿದ್ದರೂ ಇಳಕಲ್ಲಿನಂತಹ ಕಲ್ಲುಗಣಿಗಳೂ ಅದರ ವ್ಯಾಪ್ತಿಗೆ ಬಂದವು.

ಆ ನಿಯಮಾವಳಿ ಒಂದು ಏಣಿಯನ್ನು ನಿಲ್ಲಿಸಿತು. ಕೆಳಗಿನ ಮೆಟ್ಟಿಲಿನಲ್ಲಿ ಮೇಟ್ ಮತ್ತು ಬ್ಲಾಸ್ಟರ್, ಅದರ ಮೇಲೆ ಫೋರ್‌ಮನ್, ಕೊನೆಗೆ ದ್ವಿತೀಯ ಮತ್ತು ಪ್ರಥಮ ದರ್ಜೆಯ ವ್ಯವಸ್ಥಾಪಕ. ಪ್ರತಿ ಮೆಟ್ಟಿಲಿಗೂ ಗಣಿಯಲ್ಲಿ ದುಡಿದ ಅನುಭವ ಬೇಕು, ಪ್ರಥಮ ಚಿಕಿತ್ಸೆ ತಿಳಿದಿರಬೇಕು, ದೇಹ ಅರ್ಹವಾಗಿರಬೇಕು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 1966ರ ವೃತ್ತಿ ತರಬೇತಿ ನಿಯಮಗಳು ಐದು ವರ್ಷಕ್ಕೊಮ್ಮೆ ಮರುತರಬೇತಿಯನ್ನೂ ವಿಧಿಸಿದವು. ಕಲಿತದ್ದು ಮರೆಯುತ್ತದೆ, ಮರೆತದ್ದು ಗೊತ್ತಾಗುವುದಿಲ್ಲ ಎಂಬ ಸತ್ಯವನ್ನು ಕಾನೂನು ಒಪ್ಪಿಕೊಂಡ ಬಗೆ ಇದು. 2020ರಲ್ಲಿ ಸಂಸತ್ತು ಗಣಿ ಕಾಯ್ದೆಯನ್ನೂ ಒಳಗೊಂಡಂತೆ ಹಲವು ಕಾನೂನುಗಳನ್ನು ಒಂದೇ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಸಿತು.

ಪರೀಕ್ಷೆಯಲ್ಲಿ ಕೇಳುವಂಥದ್ದು ಏನಿದೆ ಎಂದು ನೀವು ಕೇಳಬಹುದು. ವಿಜ್ಞಾನದ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಿ. ಇಂದು ಗ್ರಾನೈಟ್ ದಿಮ್ಮಿಯನ್ನು ವಜ್ರದ ಮಣಿಗಳಿರುವ ತಂತಿಯಿಂದ ಕೊಯ್ಯುತ್ತಾರೆ. ಅದಕ್ಕಾಗಿ ಮೇಲಿನಿಂದ ಒಂದು, ಪಕ್ಕದಿಂದ ಒಂದು ರಂಧ್ರ ಕೊರೆಯಬೇಕು. ಅವೆರಡೂ ಬಂಡೆಯ ಒಳಗೆ ಕೂಡಬೇಕು, ಆಗಲೇ ತಂತಿಯನ್ನು ತೂರಿಸಿ ಸುತ್ತು ಹಾಕಲು ಸಾಧ್ಯ. 10 ಮೀಟರ್ ಆಳದ ರಂಧ್ರ ಆರಂಭದಲ್ಲಿ ಕೇವಲ 1 ಡಿಗ್ರಿ ವಾಲಿದರೆ ತುದಿಯಲ್ಲಿ ಅದು ಸುಮಾರು 17 ಸೆಂಟಿಮೀಟರ್ ತಪ್ಪುತ್ತದೆ. ಎರಡು ರಂಧ್ರಗಳು ಒಂದನ್ನೊಂದು ಕಾಣದೆಯೇ ಹಾದುಹೋಗುತ್ತವೆ. ತ್ರಿಕೋನಮಿತಿಯ ಸ್ಪರ್ಶಕ ಕೋಷ್ಟಕ ಇಳಕಲ್ಲಿನ ಬಂಡೆಯ ಮೇಲೆ ಹೀಗೆ ಕೆಲಸ ಮಾಡುತ್ತದೆ.

ಕಣ್ಣಿಗೆ ಬೇಗ ಕಾಣದ ಅಪಾಯ ಇನ್ನೊಂದಿದೆ, ಅದು ದೂಳು. ಗ್ರಾನೈಟಿನಲ್ಲಿ ಸ್ಫಟಿಕಶಿಲೆಯ ಅಂಶ ಗಣನೀಯವಾಗಿರುತ್ತದೆ. ನೀರು ಹಾಕದೆ ಒಣಗಿದಂತೆ ಕೊರೆದರೆ ಸಿಲಿಕಾದ ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ರೋಗ ತರುತ್ತವೆ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ 7,000ಕ್ಕೂ ಹೆಚ್ಚು ಕೆಲಸಗಾರರನ್ನು ತಪಾಸಣೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಆದರೆ ಪಾಠ ಮುಚ್ಚಲಿಲ್ಲ. ನೀರಿನ ಪೈಪು ಜೋಡಿಸದೆ ಯಂತ್ರ ಓಡಕೂಡದು ಎಂದು ಹೇಳಬೇಕಾದವನೂ ಆ ಮೇಲ್ವಿಚಾರಕನೇ. ಅವನು ಅಂದು ಸುಮ್ಮನಿದ್ದುದರ ಬೆಲೆ ಹತ್ತು ಹದಿನೈದು ವರ್ಷಗಳ ನಂತರ ಇನ್ನೊಬ್ಬರ ಕೆಮ್ಮಿನಲ್ಲಿ ಗೊತ್ತಾಗುತ್ತದೆ.

ಇಲ್ಲಿಯವರೆಗೆ ಕಲ್ಲಿಗಾಗಿ ಕೊರೆದ ಮಾತಾಯಿತು. ನಮ್ಮ ಬಯಲುಸೀಮೆಯಲ್ಲಿ ಅದಕ್ಕಿಂತ ಹೆಚ್ಚು ಕೊರೆದದ್ದು ನೀರಿಗಾಗಿ. ಗಟ್ಟಿ ಶಿಲೆಯಲ್ಲಿ ಕೊಳವೆ ಬಾವಿ ತೋಡುವುದು ಒಂದು ಕಾಲಕ್ಕೆ ವಾರಗಟ್ಟಲೆಯ ಕೆಲಸವಾಗಿತ್ತು. 1967ರ ಬಿಹಾರದ ಬರಗಾಲದಲ್ಲಿ ಯುನಿಸೆಫ್ ಒತ್ತಡದ ಗಾಳಿಯ ರಿಗ್ಗುಗಳನ್ನು ಭಾರತಕ್ಕೆ ತಂದಿತು. ಇವುಗಳಲ್ಲಿ ಸುತ್ತಿಗೆ ಇರುವುದು ಮೇಲಲ್ಲ, ರಂಧ್ರದ ತಳದಲ್ಲಿ. ಗಾಳಿ ಅದನ್ನು ಬಡಿಯುತ್ತದೆ, ಅದೇ ಗಾಳಿ ಕಲ್ಲಿನ ಪುಡಿಯನ್ನು ಮೇಲಕ್ಕೂ ಊದುತ್ತದೆ. ವಾರಗಳ ಕೆಲಸ ಒಂದು ದಿನಕ್ಕೆ ಇಳಿಯಿತು. ವಿಜಯಪುರದ ನೆರೆಯ ಸೋಲಾಪುರದಲ್ಲಿ ರೂಪುಗೊಂಡ ಕೈಪಂಪನ್ನು ಆಧರಿಸಿ 1970ರ ದಶಕದಲ್ಲಿ ಇಂಡಿಯಾ ಮಾರ್ಕ್ ಎರಡು ಪಂಪು ಬಂತು. ಆಮೇಲೆ ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿಗಳು ನಮ್ಮ ಹಳ್ಳಿಗಳ ಪರಿಚಿತ ದೃಶ್ಯವಾದವು.

ಯಂತ್ರ ವೇಗವಾಗಿ ಬಂತು. ಅದರ ಹಿಂದೆ ಪರೀಕ್ಷೆಯ ಏಣಿ ಅದೇ ವೇಗದಲ್ಲಿ ಬರಲಿಲ್ಲ. ರಿಗ್ ನಡೆಸುವವರು ರಿಗ್ಗಿನ ಮೇಲೆಯೇ, ಹಿರಿಯರ ಪಕ್ಕದಲ್ಲಿ ನಿಂತು ಕಲಿತರು. ಪುಡಿಯ ಬಣ್ಣ ನೋಡಿ ಶಿಲೆ ಬದಲಾದದ್ದನ್ನು, ಸುತ್ತಿಗೆಯ ಸದ್ದು ಕೇಳಿ ಬಿರುಕು ಸಿಕ್ಕಿದ್ದನ್ನು ಹೇಳುವ ಅವರ ಜಾಣ್ಮೆ ಸಾಮಾನ್ಯವಲ್ಲ. ಆದರೆ ನೀರು ಸಿಗದ ಬಾವಿಯ ಗತಿಯೇನು? ಕೇಸಿಂಗ್ ಪೈಪನ್ನು ಕಿತ್ತುಕೊಂಡು ಲಾರಿ ಮುಂದಿನ ಊರಿಗೆ ಹೋಗುತ್ತದೆ. ಹೊಲದಲ್ಲಿ ಉಳಿಯುವುದು ಒಂದು ಗೇಣಿನಷ್ಟೇ ಅಗಲದ, ನೂರಾರು ಅಡಿ ಆಳದ ತೆರೆದ ಬಾಯಿ.

2010ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಸ್ಪಷ್ಟ ಮಾರ್ಗಸೂಚಿ ಕೊಟ್ಟಿತು. ಬಾವಿ ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವ ಸಂಸ್ಥೆ ನೋಂದಣಿಯಾಗಿರಬೇಕು. ಸ್ಥಳದಲ್ಲಿ ಆ ಸಂಸ್ಥೆಯ ಹಾಗೂ ಮಾಲೀಕರ ವಿಳಾಸವಿರುವ ಫಲಕ ನಿಲ್ಲಿಸಬೇಕು, ಸುತ್ತ ಮುಳ್ಳುತಂತಿ ಕಟ್ಟಬೇಕು. ಕೇಸಿಂಗ್ ಸುತ್ತ ಅರ್ಧ ಮೀಟರ್ ಚೌಕದ, ನೆಲದ ಮೇಲೆ 30 ಮತ್ತು ಕೆಳಗೆ 30 ಸೆಂಟಿಮೀಟರ್ ಇರುವ ಸಿಮೆಂಟ್ ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು. ಬಿಟ್ಟುಹೋದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು.

ಇಷ್ಟೆಲ್ಲ ಕಾಗದದ ಮೇಲೆ ಬಂದು ನಾಲ್ಕು ವರ್ಷಗಳಾದ ಮೇಲೆ, 2014ರ ಆಗಸ್ಟ್‌ನಲ್ಲಿ, ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಬಾಲಕನೊಬ್ಬ ತೆರೆದ ಕೊಳವೆ ಬಾವಿಗೆ ಬಿದ್ದ. ದಿನಗಟ್ಟಲೆ ಮಣ್ಣು ತೋಡಿದರೂ ಅವನು ಬದುಕಿ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗುವನ್ನು ಪಕ್ಕದಲ್ಲಿ ಕಂದಕ ತೋಡಿ, ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಹೊರತೆಗೆದರು. ಇಡೀ ನಾಡು ಸಂತೋಷಪಟ್ಟಿತು. ಆದರೆ ಯೋಚಿಸಿ: ಒಂದು ಉಕ್ಕಿನ ಮುಚ್ಚಳ ಮಾಡಬಹುದಾಗಿದ್ದ ಕೆಲಸಕ್ಕೆ ಅಷ್ಟು ಜನ, ಅಷ್ಟು ಯಂತ್ರಗಳು ಬೇಕಾದವು. ಅದೇ ವರ್ಷ ನಮ್ಮ ರಾಜ್ಯದ ವಿಧಾನಮಂಡಲ, ಬಾವಿ ಮುಚ್ಚದವರಿಗೆ ಶಿಕ್ಷೆ ವಿಧಿಸುವ ತಿದ್ದುಪಡಿಯನ್ನು ಅಂಗೀಕರಿಸಿತು.

ಈಗ ಎರಡನ್ನೂ ಹೋಲಿಸಿ ನೋಡಿ. ಗಣಿಯಲ್ಲಿ ಕಾನೂನು ಕೇಳಿದ್ದು ಪರೀಕ್ಷೆಯಲ್ಲಿ ತೇರ್ಗಡೆಯಾದ ಒಬ್ಬ ವ್ಯಕ್ತಿಯ ಹೆಸರನ್ನು. ಕೊಳವೆ ಬಾವಿಯ ಮಾರ್ಗಸೂಚಿ ಕೇಳಿದ್ದು ಸಂಸ್ಥೆಯ ನೋಂದಣಿ ಮತ್ತು ವಿಳಾಸವನ್ನು. ಸಂಸ್ಥೆಗೆ ವಿಳಾಸವಿರುತ್ತದೆ, ಆದರೆ ಸಂಜೆಯ ಹೊತ್ತಿಗೆ "ಮುಚ್ಚಳ ಬೆಸೆದ ಹೊರತು ಲಾರಿ ಕದಲಕೂಡದು" ಎಂದು ಕೈಯೆತ್ತಲು ಮನುಷ್ಯನೇ ಬೇಕು.

ಹಾಗಾದರೆ ಪ್ರಮಾಣಪತ್ರವೊಂದಿದ್ದರೆ ಎಲ್ಲವೂ ಸರಿಹೋಗುತ್ತದೆಯೆ? ಇದಕ್ಕೆ ಉತ್ತರ ಬೇಕಾದರೆ ಕೊರೆಯುವ ಕಲೆ ಅತ್ಯಂತ ಬೆಳೆದಿರುವ ಕ್ಷೇತ್ರವನ್ನು, ಅಂದರೆ ತೈಲ ಬಾವಿಗಳನ್ನು ನೋಡಬೇಕು. ಅಲ್ಲಿ ಡ್ರಿಲ್ಲರ್ ಮತ್ತು ಮೇಲ್ವಿಚಾರಕರಿಗೆ ಬಾವಿಯ ಒತ್ತಡ ನಿಯಂತ್ರಣದ ಅಂತರರಾಷ್ಟ್ರೀಯ ಪರೀಕ್ಷೆಗಳಿವೆ. ವಿಮಾನ ಚಾಲಕರಂತೆ ಅವರನ್ನು ಕೃತಕ ರಿಗ್ಗಿನ ಮುಂದೆ ಕೂರಿಸಿ ಪರೀಕ್ಷಿಸುತ್ತಾರೆ, ಎರಡು ವರ್ಷ ಕಳೆದರೆ ಮತ್ತೆ ಪರೀಕ್ಷೆ. ನಮ್ಮ ದೇಶದಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ 1978ರಲ್ಲಿ ಡೆಹ್ರಾಡೂನಿನಲ್ಲಿ ಕೊರೆಯುವ ತಂತ್ರಜ್ಞಾನದ ಸಂಸ್ಥೆಯನ್ನೇ ತೆರೆಯಿತು. ಹೀಗಿದ್ದೂ 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಮಂದಿ ಸತ್ತರು. ತೈಲ 87 ದಿನ ಸಮುದ್ರಕ್ಕೆ ಹರಿಯಿತು. ಸ್ಫೋಟಕ್ಕೆ ಮೊದಲು ನಡೆಸಿದ ಒತ್ತಡ ಪರೀಕ್ಷೆಯಲ್ಲಿ ಮಾಪಕದ ಮುಳ್ಳು ಅಪಾಯವನ್ನು ತೋರಿಸಿತ್ತು. ನೋಡುತ್ತಿದ್ದವರು ಅದಕ್ಕೊಂದು ಸಮಾಧಾನಕರ ವಿವರಣೆ ಹುಡುಕಿಕೊಂಡು ಕೆಲಸ ಮುಂದುವರಿಸಿದರು. ಅಂದರೆ ತರಬೇತಿ ಕೊನೆಗೂ ಕಲಿಸಬೇಕಾದುದು ಒಂದೇ: ಅನುಮಾನ ಬಂದಾಗ ನಿಲ್ಲಿಸುವುದು. ಪ್ರಮಾಣಪತ್ರ ಕೊಡುವುದು ಆ ನಿಲ್ಲಿಸುವ ಅಧಿಕಾರ. ಅಧಿಕಾರವನ್ನು ಬಳಸುವ ಧೈರ್ಯವನ್ನು ಅದು ತಾನಾಗಿ ಕೊಡಲಾರದು. ಸುತ್ತಲಿನವರು, ಅಂದರೆ ಮಾಲೀಕರು, ರೈತರು, ನನ್ನಂತೆ ಬೆಳಕು ಹೋಗುತ್ತದೆಂದು ಅವಸರ ಮಾಡುವವರು, ಆ ಕೈಗೆ ಮರ್ಯಾದೆ ಕೊಡಬೇಕು.

ಯುವ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಗಣಿ ಎಂಜಿನಿಯರ್ ಆಗಬಹುದು, ಭೂವಿಜ್ಞಾನಿಯಾಗಬಹುದು, ಹೊಲದಲ್ಲಿ ಬಾವಿ ತೋಡಿಸುವ ರೈತರಾಗಬಹುದು. ಪಟ್ಟದಕಲ್ಲಿಗೆ ಪ್ರವಾಸ ಹೋದಾಗ ಗುಂಡನ ಹೆಸರಿರುವ ಶಾಸನವನ್ನು ನೋಡಿ ಬನ್ನಿ. ಮರಳಿ ಬಂದ ಮೇಲೆ ನಿಮ್ಮ ಊರಿನ ಸುತ್ತ ಒಮ್ಮೆ ನಡೆಯಿರಿ. ತೆರೆದ ಕೊಳವೆ ಬಾವಿ ಕಂಡರೆ ಹತ್ತಿರ ಹೋಗದೆ ಹಿರಿಯರಿಗೆ, ಗ್ರಾಮ ಪಂಚಾಯತಿಗೆ ತಿಳಿಸಿ. ಊರಿಗೆ ರಿಗ್ ಬಂದ ದಿನ ನೀರು ಎಷ್ಟು ಇಂಚು ಬಂತು ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಈ ಬಾವಿಗೆ ಜವಾಬ್ದಾರರು ಯಾರು, ಅವರ ಹೆಸರೇನು?"