ಮಕ್ಕಳ ಆಹಾರದ ಅಲರ್ಜಿ: ಪರೀಕ್ಷೆಗಳ ಪ್ರಾಮಾಣ್ಯವಿಚಾರ

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ಕಡೆ ರಾಗಿ, ಬೇಳೆ, ಹಾಲುಗಳು ಮಕ್ಕಳ ದೇಹಪೋಷಣೆಗೆ ಆಧಾರವಾದ ಪದಾರ್ಥಗಳು. ಒಂದು ಪರೀಕ್ಷೆಯ ಫಲವನ್ನೇ ನಂಬಿ ಇವುಗಳನ್ನು ವರ್ಜಿಸಿದರೆ ಮಗುವಿನ ಬೆಳವಣಿಗೆಗೆ ಕುಂದುಂಟಾಗಬಹುದು. ಆದಕಾರಣ ಆಹಾರದ ಅಲರ್ಜಿಯನ್ನು ಸೂಚಿಸುವ ಪರೀಕ್ಷೆಗಳು ಎಷ್ಟರಮಟ್ಟಿಗೆ ಪ್ರಮಾಣವೆಂಬುದು ವಿಚಾರಾರ್ಹವಾಗಿದೆ.

‘ಅಲರ್ಜಿ’ ಎಂಬ ಶಬ್ದವನ್ನು 1906ರಲ್ಲಿ ವಿಯೆನ್ನಾ ನಗರದ ವೈದ್ಯನಾದ ಪಿರ್ಕೆ ಎಂಬವನು ರೂಪಿಸಿದನು. 1912ರಲ್ಲಿ ನ್ಯೂಯಾರ್ಕಿನ ಶ್ಲಾಸ್ ಎಂಬವನು, ಮೊಟ್ಟೆ, ಬಾದಾಮಿ, ಓಟ್ಸ್ ಒಗ್ಗದಿದ್ದ ಬಾಲಕನೊಬ್ಬನ ಚರ್ಮದ ಮೇಲೆ ಆ ಆಹಾರಗಳನ್ನು ಪರೀಕ್ಷಿಸಿ, ದದ್ದು ಏಳುವುದನ್ನು ವರ್ಣಿಸಿದನು. 1921ರಲ್ಲಿ ಪ್ರೌಸ್ನಿಟ್ಸ್ ಎಂಬವನು, ಮೀನು ಒಗ್ಗದಿದ್ದ ಸಹೋದ್ಯೋಗಿ ಕ್ಯೂಸ್ಟ್ನರನ ರಕ್ತರಸವನ್ನು ತನ್ನ ಚರ್ಮಕ್ಕೆ ಸೇರಿಸಿಕೊಂಡು, ಈ ದೋಷಕ್ಕೆ ರಕ್ತಗತವಾದ ಕಾರಣವಿದೆಯೆಂದು ತೋರಿಸಿದನು. ಆ ದ್ರವ್ಯವು ಐಜಿಇ ಎಂಬ ಪ್ರತಿಕಾಯವೆಂದು 1960ರ ದಶಕದ ಉತ್ತರಾರ್ಧದಲ್ಲಿ ಸಿದ್ಧವಾಗಿ, ಅದನ್ನು ಅಳೆಯುವ ರಕ್ತಪರೀಕ್ಷೆಯೂ ಬಳಕೆಗೆ ಬಂದಿತು.

ಆದರೆ ಐಜಿಇ ಕಂಡಮಾತ್ರಕ್ಕೆ ರೋಗವಿದೆಯೆನ್ನಲಾದೀತೆ? ಧೂಮದಿಂದ ಅಗ್ನಿಯನ್ನು ಅನುಮಾನಿಸಬಹುದು. ಅಗ್ನಿಯಿಂದ ಧೂಮವನ್ನು ಅನುಮಾನಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯಿದ್ದರೂ ಧೂಮವಿಲ್ಲವೆಂಬುದು ನೈಯಾಯಿಕರ ಪ್ರಸಿದ್ಧ ದೃಷ್ಟಾಂತ. ಐಜಿಇಯೂ ಇಂಥ ಸವ್ಯಭಿಚಾರ ಹೇತುವೇ ಸರಿ. ಬೆಂಗಳೂರು ಮೈಸೂರುಗಳ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇಕಡ 26.5 ಮಂದಿಯಲ್ಲಿ ಆಹಾರಸಂಬಂಧವಾದ ಐಜಿಇ ಕಂಡುಬಂದರೂ, ಲಕ್ಷಣಗಳೂ ಕೂಡಿ ಅಲರ್ಜಿ ಸಂಭಾವ್ಯವೆನಿಸಿದವರು ಶೇಕಡ 1.2 ಮಾತ್ರ. ಚೀನ, ರಷ್ಯ, ಭಾರತಗಳ 6ರಿಂದ 11 ವರ್ಷದ ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಭಾರತದ ಮಕ್ಕಳ ಈ ಪ್ರಮಾಣವು ಶೇಕಡ 0.14 ಆಗಿದ್ದಿತು.

ಹಾಗೆಂದು ಪರೀಕ್ಷೆಯು ನಿಷ್ಪ್ರಯೋಜಕವಲ್ಲ. ಅಗ್ನಿಯಿಲ್ಲದೆಡೆ ಧೂಮವಿಲ್ಲ, ಅಂತೆಯೇ ಚರ್ಮಪರೀಕ್ಷೆಯಲ್ಲಿ ದದ್ದು ಏಳದಿದ್ದರೆ, ತಿಂದೊಡನೆ ತೋರುವ ಬಗೆಯ ಅಲರ್ಜಿಯು ಬಹುಮಟ್ಟಿಗೆ ಇಲ್ಲವೆನ್ನಬಹುದು. ದದ್ದು ದೊಡ್ಡದಾದಷ್ಟೂ ರೋಗಸಂಭವವು ಹೆಚ್ಚು. ರೋಗದ ತೀವ್ರತೆಯನ್ನಾದರೋ ಅದು ನಿಶ್ಚಯವಾಗಿ ತಿಳಿಸಲಾರದು.

ಹಾಗಾದರೆ ನಿರ್ಣಾಯಕವಾವುದು? ಉಣಿಸಿ ನೋಡುವುದೇ. ಅಮೆರಿಕದ ಚಾರ್ಲ್ಸ್ ಮೇ ಎಂಬ ವೈದ್ಯನು 1976ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉಬ್ಬಸವುಳ್ಳ ಮಕ್ಕಳಿಗೆ ಆಹಾರವನ್ನು ಮರೆಮಾಡಿ ಕೊಟ್ಟು, ಕೊಟ್ಟವರಿಗೂ ಉಂಡವರಿಗೂ ಅದು ಯಾವುದೆಂದು ತಿಳಿಯದಂತೆ ಪರೀಕ್ಷಿಸಿದನು. ಆಯುರ್ವೇದದ ನಿದಾನಪಂಚಕದಲ್ಲಿಯೂ ಔಷಧಾಹಾರಗಳನ್ನು ಪ್ರಯೋಗಿಸಿ ರೋಗವನ್ನು ತಿಳಿಯುವ ಉಪಶಯವೆಂಬುದುಂಟು. ಐಜಿಇಯ ಜ್ಞಾನವು ಪ್ರಾಚೀನರಿಗಿತ್ತೆಂದು ಇದರಿಂದ ಹೇಳಲಾಗದು. ಕ್ರಮದ ಸಾದೃಶ್ಯವು ಮಾತ್ರ ಗಮನಾರ್ಹ. ನಿಜವಾದ ಅಲರ್ಜಿಯು ಪ್ರಾಣಾಂತಿಕವೂ ಆಗಬಹುದಾದ್ದರಿಂದ ಈ ಪ್ರಯೋಗವನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಅಡ್ರಿನಲಿನ್ ಔಷಧವನ್ನು ಸಿದ್ಧವಾಗಿಟ್ಟುಕೊಂಡ ವೈದ್ಯರ ಎದುರಿನಲ್ಲಿಯೇ ಮಾಡತಕ್ಕದ್ದು.

ಇದರಿಂದ ಸಿದ್ಧವಾಗುವುದೇನೆಂದರೆ, ಉಂಡಾಗ ಆದ ಅನುಭವವನ್ನು ವಿಚಾರಿಸದೆ ಬರಿಯ ಪರೀಕ್ಷೆಯಿಂದ ಮಗುವಿನ ತಟ್ಟೆಯ ಅನ್ನವನ್ನು ತೆಗೆಯುವುದು ಯುಕ್ತವಲ್ಲ.