ಕೊನೆಯ ಸಾಲಿನಲ್ಲಿ ಉಳಿದ ಮಾತು

ಸಿನಿಮಾ ಮಂದಿರದಲ್ಲಿ ಆಟ ಪ್ರಾರಂಭವಾಗುವುದಕ್ಕೆ ಮುಂಚೆ ತೆರೆಯ ಮೇಲೆ ಒಂದೊಂದಾಗಿ ಬಂದು ಹೋಗುತ್ತಿದ್ದ ಗಾಜಿನ ಸ್ಲೈಡುಗಳನ್ನು ವಾಚಕರಲ್ಲಿ ಹಿರಿಯರಾದವರು ಮರೆತಿರಲಾರರು. ಜವಳಿ ಅಂಗಡಿಯ ಹೆಸರು, ಹಲ್ಲುಪುಡಿಯ ಹೆಸರು, ಮುಂದೆ ಬರಲಿರುವ ಚಿತ್ರದ ಹೆಸರು. ಒಂದು ಸ್ಲೈಡಿಗೆ ಒಂದೇ ಮಾತು. ಅದನ್ನು ಕಟ್ಟಕಡೆಯ ಸಾಲಿನಲ್ಲಿ ಕುಳಿತವರೂ ಓದಬಹುದಾಗಿತ್ತು. ತನ್ನ ಅಂಗಡಿಯ ಹೆಸರನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆಸಲು ಯಾವ ವರ್ತಕನು ತಾನೆ ಒಪ್ಪಿಯಾನು?

ವರ್ತಕನಿಗೆ ಸಹಜವಾಗಿ ತಿಳಿದಿದ್ದ ಈ ಸಂಗತಿಯನ್ನು ಮಹಾ ಮಹಾ ತಜ್ಞರೂ ಮರೆಯಬಲ್ಲರೆಂಬುದಕ್ಕೆ ಈ ಶತಮಾನದ ಆರಂಭದಲ್ಲಿ ಒಂದು ದುಃಖಕರವಾದ ನಿದರ್ಶನ ಒದಗಿತು. ಅದನ್ನು ಹೇಳುವ ಮೊದಲು ಸ್ಲೈಡಿನ ಪೂರ್ವಕಥೆಯನ್ನು ಸ್ವಲ್ಪದರಲ್ಲಿ ನೋಡೋಣ.

ದೀಪ, ಗಾಜಿನ ಮೇಲೆ ಬರೆದ ಚಿತ್ರ, ಅದರ ಮುಂದೊಂದು ಮಸೂರ—ಇವುಗಳಿಂದ ಗೋಡೆಯ ಮೇಲೆ ದೊಡ್ಡದಾದ ಬಿಂಬವನ್ನು ಮೂಡಿಸುವ ‘ಮ್ಯಾಜಿಕ್ ಲ್ಯಾಂಟರ್ನ್’ ಎಂಬ ಉಪಕರಣವನ್ನು ೧೬೫೯ರ ಸುಮಾರಿಗೆ ರೂಪಿಸಿದವನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್. ಹತ್ತೊಂಬತ್ತನೆಯ ಶತಮಾನದಲ್ಲಿ ಛಾಯಾಚಿತ್ರವನ್ನು ಗಾಜಿನ ಮೇಲೆ ಇಳಿಸುವ ವಿದ್ಯೆ ಬಂದಿತು. ಉಪನ್ಯಾಸಕಾರರು ಸ್ಲೈಡುಗಳ ಪೆಟ್ಟಿಗೆಯನ್ನು ಹೊತ್ತು ಊರೂರಿಗೆ ಹೋದರು. ಗಾಜು ಭಾರ, ಬಿದ್ದರೆ ಒಡೆಯುವುದು, ಮಾಡಿಸಲು ವೆಚ್ಚ. ಆದಕಾರಣ ಯಾವುದನ್ನು ತೋರಿಸಬೇಕು, ಯಾವುದನ್ನು ಬಾಯಲ್ಲಿ ಹೇಳಿದರೆ ಸಾಕು ಎಂದು ಯೋಚಿಸದೆ ವಿಧಿಯಿರಲಿಲ್ಲ. ೧೯೮೭ರಲ್ಲಿ ‘ಪವರ್‌ಪಾಯಿಂಟ್’ ಎಂಬ ಗಣಕಯಂತ್ರದ ಸಾಧನ ಮಾರಾಟಕ್ಕೆ ಬಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡಿತು. ಕ್ರಮೇಣ ಸ್ಲೈಡಿಗೆ ಖರ್ಚೇ ಇಲ್ಲವೆಂಬಂತಾಯಿತು. ಮೇಲೊಂದು ತಲೆಬರಹ, ಕೆಳಗೆ ಚುಕ್ಕೆಯಿಟ್ಟ ಸಾಲುಗಳು, ಅವುಗಳ ಕೆಳಗೆ ಇನ್ನೂ ಸಣ್ಣ ಸಾಲುಗಳು—ಇದೇ ಎಲ್ಲೆಲ್ಲೂ ರೂಢಿಯಾಯಿತು. ಖರ್ಚಿನ ಜೊತೆಗೆ ಯೋಚನೆಯೂ ಕಡಮೆಯಾಯಿತೆಂದರೆ ತಪ್ಪಾಗಲಾರದು.

ಈಗ ೨೦೦೩ನೆಯ ಇಸವಿಗೆ ಬರೋಣ. ಜನವರಿ ೧೬ರಂದು ಅಮೆರಿಕದ ‘ಕೊಲಂಬಿಯಾ’ ಅಂತರಿಕ್ಷ ನೌಕೆ ಏಳು ಮಂದಿಯೊಡನೆ ಮೇಲೇರಿತು. ಅವರಲ್ಲಿ ಒಬ್ಬರು ನಮ್ಮ ದೇಶದ ಕರ್ನಾಲಿನಲ್ಲಿ ಹುಟ್ಟಿ ಚಂಡೀಗಢದಲ್ಲಿ ಎಂಜಿನಿಯರಿಂಗ್ ಓದಿದ ಕಲ್ಪನಾ ಚಾವ್ಲಾ. ನೌಕೆ ನೆಲ ಬಿಟ್ಟ ಸುಮಾರು ೮೨ ಸೆಕೆಂಡುಗಳಿಗೆ, ಇಂಧನದ ದೊಡ್ಡ ತೊಟ್ಟಿಯ ಹೊದಿಕೆಯಿಂದ ಹಗುರವಾದ ನೊರೆಪದಾರ್ಥದ ಒಂದು ತುಂಡು ಕಳಚಿ ಎಡರೆಕ್ಕೆಗೆ ಬಡಿಯಿತು. ಇದು ಮರುದಿನವೇ ಚಿತ್ರಗಳಲ್ಲಿ ಕಂಡುಬಂದಿತು. ಹಿಂದಿರುಗುವಾಗ ವಾಯುಮಂಡಲವನ್ನು ಹೊಗುವ ಉರಿಯನ್ನು ಆ ರೆಕ್ಕೆ ತಾಳಬಲ್ಲುದೆ? ನೌಕೆ ಇನ್ನೂ ಮೇಲಿರುವಾಗಲೇ ಈ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

ಜನವರಿ ೨೪ರಂದು ಎಂಜಿನಿಯರುಗಳು ತಮ್ಮ ಲೆಕ್ಕಾಚಾರವನ್ನು ಸ್ಲೈಡುಗಳ ಮೂಲಕ ಒಪ್ಪಿಸಿದರು. ಕೋಣೆ ಕಿಕ್ಕಿರಿದು ಹೊರಗಿನ ಓಣಿಯಲ್ಲಿಯೂ ಜನ ನಿಂತಿದ್ದರಂತೆ. ಆ ಸ್ಲೈಡುಗಳಲ್ಲಿ ಒಂದು ಮುಂದೆ ಪ್ರಸಿದ್ಧವಾಯಿತು. ಪರೀಕ್ಷೆಯ ಅಂಕಿ-ಅಂಶಗಳನ್ನು ನೋಡಿದರೆ ಅಂದಾಜು ಸುರಕ್ಷಿತವಾದ ಮಗ್ಗುಲಿನಲ್ಲಿಯೇ ಇದೆ ಎಂಬ ಅರ್ಥ ಕೊಡುವ ತಲೆಬರಹ ಅದಕ್ಕೆ. ಓದಿದವರ ಮನಸ್ಸಿಗೆ ಅಲ್ಲಿಯೇ ಅರ್ಧ ಸಮಾಧಾನ. ಕೆಳಗೆ ಸಾಲಿನೊಳಗೆ ಸಾಲು, ಅದರೊಳಗೆ ಉಪಸಾಲು. ‘ಗಣನೀಯ’ ಎಂಬರ್ಥದ ಪದ ಐದು ಬಾರಿ ಬಂದಿದೆ. ಎಷ್ಟಾದರೆ ಗಣನೀಯವೆಂಬುದು ಒಮ್ಮೆಯೂ ಸ್ಪಷ್ಟವಿಲ್ಲ.

ಎಲ್ಲ ಮುಗಿದ ಮೇಲೆ, ಕಟ್ಟಕಡೆಯ ಉಪಸಾಲಿನಲ್ಲಿ ಎರಡು ಅಂಕಿಗಳು: ಬಡಿದ ತುಂಡಿನ ಗಾತ್ರ ೧೯೨೦ ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ್ದು ೩ ಘನ ಅಂಗುಲ. ವಾಚಕರು ಇದನ್ನು ಮನೆಯ ಅಳತೆಯಲ್ಲಿ ಊಹಿಸಿಕೊಳ್ಳಲಿ. ಮೂರು ಘನ ಅಂಗುಲವೆಂದರೆ ಸುಮಾರಾಗಿ ಎರಡು ಬೆಂಕಿಪೊಟ್ಟಣದಷ್ಟು. ೧೯೨೦ ಎಂದರೆ ಹೆಚ್ಚುಕಡಮೆ ಎರಡು ಕೊಡ ನೀರು ಹಿಡಿಯುವಷ್ಟು. ಒಂದರ ೬೪೦ ಪಾಲು ಇನ್ನೊಂದು! ಹಾಗೆಂದರೆ, ಕೈಯಲ್ಲಿದ್ದ ಪರೀಕ್ಷೆಗಳಿಂದ ನಿಶ್ಚಯವಾಗಿ ಏನನ್ನೂ ಹೇಳುವಂತಿರಲಿಲ್ಲ. ಹೇಳಬೇಕಾಗಿದ್ದುದು ಇದೊಂದೇ, ಅದು ಎಲ್ಲಕ್ಕಿಂತ ಕೆಳಗೆ ಉಳಿಯಿತು. ಅಧಿಕಾರಿಗಳು ಅಪಾಯವಿಲ್ಲವೆಂದು ತಿಳಿದರು. ರೆಕ್ಕೆಯ ಚಿತ್ರಗಳನ್ನು ಕಕ್ಷೆಯಲ್ಲಿಯೇ ತೆಗೆಸಬೇಕೆಂದು ಕೆಲವು ಎಂಜಿನಿಯರುಗಳು ಇಟ್ಟಿದ್ದ ಬೇಡಿಕೆಯೂ ನೆರವೇರಲಿಲ್ಲ.

ಫೆಬ್ರವರಿ ೧ರಂದು, ನೆಲ ಮುಟ್ಟಲು ಹದಿನಾರು ನಿಮಿಷಗಳಿರುವಾಗ, ಕೊಲಂಬಿಯಾ ಟೆಕ್ಸಾಸಿನ ಆಕಾಶದಲ್ಲಿ ಚೂರುಚೂರಾಯಿತು. ಏಳು ಮಂದಿಯೂ ತೀರಿಕೊಂಡರು. ಅದೇ ತಿಂಗಳ ೫ರಂದು ಭಾರತ ಸರ್ಕಾರವು ತನ್ನ ಹವಾಮಾನ ಉಪಗ್ರಹವಾದ ‘ಮೆಟ್‌ಸ್ಯಾಟ್’ಗೆ ‘ಕಲ್ಪನಾ-೧’ ಎಂದು ಹೆಸರಿಟ್ಟಿತು.

ಜುಲೈಯಲ್ಲಿ ತನಿಖೆಯವರು ಅಷ್ಟೇ ದೊಡ್ಡ ನೊರೆಯ ತುಂಡನ್ನು ರೆಕ್ಕೆಯ ಮುಂಚೂಣಿಯ ಫಲಕಕ್ಕೆ ಹೊಡೆಸಿ ನೋಡಿದರು. ಸುಮಾರು ಹದಿನಾರು ಅಂಗುಲದ ರಂಧ್ರ ಬಿದ್ದಿತು. ಆಗಸ್ಟಿನಲ್ಲಿ ಹೊರಬಂದ ತನಿಖಾ ಮಂಡಲಿಯ ವರದಿಯು ಆ ಸ್ಲೈಡನ್ನೇ ಅಚ್ಚುಮಾಡಿ, ಅಂಕಿ-ಅಂಶಗಳ ನಿರೂಪಣೆಯಲ್ಲಿ ಪರಿಣತರಾದ ಎಡ್ವರ್ಡ್ ಟಫ್ಟಿಯವರ ವಿಮರ್ಶೆಯನ್ನು ಸೇರಿಸಿತು. ಸವಿವರವಾದ ವರದಿಯಿರಬೇಕಾದ ಜಾಗದಲ್ಲಿ ಇಂತಹ ಸ್ಲೈಡುಗಳನ್ನು ನೆಚ್ಚುವ ಅಭ್ಯಾಸವನ್ನು ಅದು ದೋಷವೆಂದೇ ಎಣಿಸಿತು.

ಏಳು ಜೀವಗಳನ್ನು ಒಂದು ಸ್ಲೈಡೇ ಕೊಂದಿತೆಂದು ಹೇಳುವುದು ಅನ್ಯಾಯವಾದೀತು. ಕೊಂದದ್ದು ಮುರಿದ ರೆಕ್ಕೆ. ಅದರ ಹಿಂದೆ ಹಿಂದಿನ ಹಾರಾಟಗಳಲ್ಲಿ ನೊರೆ ಕಳಚಿದ್ದನ್ನು ಕಂಡೂ ಕಂಡೂ ಬಂದಿದ್ದ ಉದಾಸೀನ. ಸಂಗತಿ ಬೇಗನೆ ತಿಳಿದಿದ್ದರೆ ಮತ್ತೊಂದು ನೌಕೆಯನ್ನು ಕಳುಹಿಸಿ ಪಾರುಮಾಡುವುದು ಕಷ್ಟವಾದರೂ ಅಸಾಧ್ಯವಾಗಿರಲಿಲ್ಲವೆಂದು ಮಂಡಲಿ ಕಂಡುಕೊಂಡಿತು. ಎಚ್ಚರಿಸಬೇಕಾಗಿದ್ದ ಸ್ಲೈಡು ಜೋಗುಳ ಹಾಡಿತೆಂಬುದೇ ಅದರ ಅಪರಾಧ.

ಇಂದು ನಮ್ಮ ಮನೆಗಳ ಮಕ್ಕಳೇ ಶಾಲೆಗೆ ಸ್ಲೈಡುಗಳನ್ನು ಸಿದ್ಧಪಡಿಸುತ್ತಾರೆ; ಕಚೇರಿಗಳಲ್ಲಿ ಕೇಳುವುದೇ ಬೇಡ. ಅವರಿಗೆ ಈ ಕಥೆಯಿಂದ ಸಿಗುವ ಪಾಠ ಸರಳವಾದದ್ದು. ತಲೆಬರಹ ಬರಿಯ ವಿಷಯದ ಹೆಸರಾಗಿರದೆ ಪೂರ್ಣವಾಕ್ಯವಾಗಿರಲಿ. ತೀರ್ಮಾನವನ್ನು ಅದೇ ಹೇಳಲಿ. ‘ಬಡಿದ ತುಂಡು ಪರೀಕ್ಷೆಯದಕ್ಕಿಂತ ೬೪೦ ಪಾಲು ದೊಡ್ಡದು, ಅಪಾಯವಿಲ್ಲವೆನ್ನಲು ಆಧಾರವಿಲ್ಲ’ ಎಂದಿದ್ದರೆ ಯಾರಿಗೆ ತಾನೆ ನಿದ್ರೆ ಬರುತ್ತಿತ್ತು? ಒಂದು ಸ್ಲೈಡಿನಲ್ಲಿ ಒಂದೇ ಮಾತು. ಹೋಲಿಸಬೇಕಾದ ಎರಡು ಅಂಕಿಗಳು ಅಕ್ಕಪಕ್ಕದಲ್ಲಿ, ದೊಡ್ಡದಾಗಿ. ‘ಗಣನೀಯ’ದ ಬದಲು ಸಂಖ್ಯೆ. ವಿವರವೆಲ್ಲ ಬೇರೆ ಕಾಗದದ ಮೇಲೆ, ಕೈಗೆ ಕೊಡುವಂತೆ.

ರೇಡಿಯೋ ಕೇಳುವ ತಮಗೆ ಇನ್ನೊಂದು ಪರೀಕ್ಷೆಯೂ ಸುಲಭ. ಆಕಾಶವಾಣಿಯಲ್ಲಿ ಮಾತನಾಡುವವರ ಹಿಂದೆ ತೆರೆಯಿಲ್ಲ. ಕಿವಿಯೊಂದರಿಂದಲೇ ಮನಸ್ಸಿಗೆ ಮುಟ್ಟಬೇಕು. ಸ್ಲೈಡನ್ನು ಸಿದ್ಧಪಡಿಸಿದ ಮಗನೋ ಮಗಳೋ ಅದನ್ನು ತಮಗೆ ತೋರಿಸದೆ ಗಟ್ಟಿಯಾಗಿ ಓದಲಿ. ಮುಖ್ಯವಾದ ಸಂಗತಿ ಮೊದಲ ಉಸಿರಿನಲ್ಲಿಯೇ ಕಿವಿಗೆ ಬಿದ್ದರೆ ಸರಿ. ಕೊನೆಯ ಸಾಲಿನವರೆಗೆ ಕಾಯಬೇಕಾಗಿ ಬಂದರೆ, ಇನ್ನೊಮ್ಮೆ ಬರೆಯಹೇಳಿ.