ತಿಥಿಯ ಸಾರು

ನನ್ನ ತವರು ಹಾವೇರಿ. 1974ರಲ್ಲಿ ನನ್ನ ಮದುವೆಯಾದಾಗ ಅದಿನ್ನೂ ಧಾರವಾಡ ಜಿಲ್ಲೆಗೆ ಸೇರಿತ್ತು. ಹತ್ತಿರದಲ್ಲೇ ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಕಡೆ ಹೋದರೆ ನೆಲಕ್ಕೆ ಕೆಂಪು ಜಮಖಾನ ಹಾಸಿದಂತೆ ಕಾಣುತ್ತದೆ. ಒಮ್ಮೆಯೂ ಸೀನದೆ ಆ ಊರು ದಾಟಿದವರನ್ನು ನಾನು ಕಂಡಿಲ್ಲ. ಅಲ್ಲಿಂದ ಹಾಸನದ ಕಡೆಯ ಮನೆಗೆ ಸೊಸೆಯಾಗಿ ಹೊರಟಾಗ ಅವ್ವ ಪಾತ್ರೆ ಪಡಗದ ಜೊತೆ ಒಂದು ಹಿತ್ತಾಳೆ ಡಬ್ಬಿಯ ತುಂಬ ಬ್ಯಾಡಗಿ ಮೆಣಸಿನಕಾಯಿ ಒತ್ತಿ ಕೊಟ್ಟಳು. "ಆ ಕಡೀ ಮಂದಿ ಸಪ್ಪಗ ಉಣ್ತಾರ, ನಿನಗ ಬೇಕಾಗ್ತದ" ಎಂಬುದು ಅವಳ ಕಾಳಜಿ. ನನ್ನ ಸಂಸಾರದ ಮೊದಲ ಅವಾಂತರ ಆ ಡಬ್ಬಿಯಿಂದಲೇ ಆಯಿತು.

ಮದುವೆಯಾದ ನಾಲ್ಕನೆಯ ತಿಂಗಳು ನಮ್ಮ ಮಾವನವರ ತಂದೆಯ ತಿಥಿ ಬಂತು. ತವರಿನಲ್ಲಿ ಶ್ರಾದ್ಧಗಳೆಲ್ಲ ದೊಡ್ಡಪ್ಪನ ಮನೆಯಲ್ಲಿ ನಡೆಯುತ್ತಿದ್ದವು. ನಾವು ಮಕ್ಕಳು ಊಟದ ಹೊತ್ತಿಗೆ ಹೋಗಿ ವಡೆ ತಿಂದು ಬರುವವರು. ಅಡಿಗೆಯ ಒಳಗುಟ್ಟು ನನಗೆ ತಿಳಿಯದು. ಇಲ್ಲಿ ಅತ್ತೆ ಹಿಂದಿನ ರಾತ್ರಿಯೇ ಅಡಿಗೆಮನೆ ತೊಳೆದು, ಮೆಣಸಿನಕಾಯಿ, ಸಾರಿನ ಪುಡಿ, ಆಲೂಗಡ್ಡೆ ಬುಟ್ಟಿ ಎಲ್ಲವನ್ನೂ ನಡುಮನೆಗೆ ಸಾಗಿಸಿದ್ದರು. ಸೆಖೆಗೋ ಇರುವೆಗೋ ಇರಬೇಕೆಂದು ನಾನು ಸುಮ್ಮನಿದ್ದೆ. ನನ್ನ ಡಬ್ಬಿ ಮಾತ್ರ ಮೇಲಿನ ಗೂಡಿನಲ್ಲಿ ಉಳಿದಿತ್ತು.

ಮಧ್ಯಾಹ್ನ ಹನ್ನೆರಡರ ಹೊತ್ತು. ಅತ್ತೆ ವಡೆ ತಟ್ಟುತ್ತಾ, "ಸಾರಿಗೊಂದು ಒಗ್ಗರಣೆ ಹಾಕಿಬಿಡೇ" ಎಂದರು. ಮಡಿಸೀರೆ ಸುತ್ತಿಕೊಂಡು, ಮೊದಲ ಬಾರಿಗೆ ಇಷ್ಟು ದೊಡ್ಡ ಜವಾಬ್ದಾರಿ ಬಂದ ಹಿಗ್ಗಿನಲ್ಲಿ ತುಪ್ಪ ಕಾಯಿಸಿದೆ. ಸಾಸಿವೆ, ಜೀರಿಗೆ, ಕರಿಬೇವು. ಬಣ್ಣ ಬರಲೆಂದು ಗೂಡಿನಿಂದ ಮೂರು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದೆ. ಚೊಂಯ್ ಎಂದ ಆ ಘಾಟು ಹಜಾರದಲ್ಲಿ ಮಂತ್ರ ಹೇಳುತ್ತಿದ್ದವರ ಮೂಗಿಗೂ ಮುಟ್ಟಿತು. ಒಬ್ಬರು ಕೆಮ್ಮಿದರು. ಮಂತ್ರ ನಿಂತಿತು.

ಅತ್ತೆ ತಿರುಗಿ ನೋಡಿದರು. ಸಾರಿನ ಮೇಲೆ ಮೂರು ಕೆಂಪು ದೋಣಿಗಳು ತೇಲುತ್ತಿದ್ದವು. ಅವರು ಬೈಯಲಿಲ್ಲ. ಪಾತ್ರೆ ಎತ್ತಿ ಹಿತ್ತಲಿಗಿಟ್ಟು ಬಂದು, ಮತ್ತೆ ಬೇಳೆ ತೊಳೆದರು. ಸೌದೆ ಒಲೆ. ಬೇಳೆ ಬೆಂದು, ಎಲೆ ಹಾಕಿದಾಗ ಮೂರು ಗಂಟೆ ದಾಟಿತ್ತು. ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಮಾವನವರ ಮುಖ ಬಾಡಿತ್ತು. ಬಂದಿದ್ದ ಹಿರಿಯರೊಬ್ಬರು, "ಹುಡುಗಿಗೆ ತವರಲ್ಲಿ ಏನೂ ಕಲಿಸಿಲ್ಲವೋ?" ಎಂದು ನನಗೆ ಕೇಳುವಂತೆಯೇ ಕೇಳಿದರು. ಅತ್ತೆ ಬಾಗಿಲ ಮರೆಯಿಂದಲೇ, "ಅವಳಲ್ಲ, ನನ್ನ ಕೈತಪ್ಪು. ವಯಸ್ಸಾಯ್ತು ನೋಡಿ" ಎಂದುಬಿಟ್ಟರು. ಆಗ ಅವರಿಗೆ ನಲವತ್ತೆಂಟು.

ರಾತ್ರಿ ಕೇಳಿದೆ, "ಮೆಣಸಿನಕಾಯಿ ಯಾಕಮ್ಮ ಆಗೋಲ್ಲ?"

"ಪಿತೃಗಳಿಗೆ ಅದು ರೂಢಿಯಿಲ್ಲ ಕಣೆ" ಎಂದರು. ಅವರ ಅತ್ತೆ ಅವರಿಗೆ ಹೇಳಿದ್ದ ಮಾತಂತೆ. ಸ್ವರ್ಗದಲ್ಲಿ ಕೂತು "ಖಾರ, ಖಾರ" ಎಂದು ನೀರು ಕುಡಿಯುವ ಅಜ್ಜಂದಿರನ್ನು ಕಲ್ಪಿಸಿಕೊಂಡು, ಅತ್ತಿದ್ದ ಕಣ್ಣಲ್ಲೇ ನಾನು ನಕ್ಕಿದ್ದೆ.

ಆ ಮಾತು ಎಷ್ಟು ನಿಜವೆಂದು ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಮಕ್ಕಳು ಕಾಲೇಜಿಗೆ ಹೋಗತೊಡಗಿದ ಮೇಲೆ ಮಧ್ಯಾಹ್ನಗಳಲ್ಲಿ ಗ್ರಂಥಾಲಯಕ್ಕೆ ಹೋಗುವ ಚಟ ಹತ್ತಿತು. ಕನ್ನಡದಲ್ಲಿ ಅಡಿಗೆಯ ವಿಚಾರ ನಿನ್ನೆ ಮೊನ್ನೆಯದಲ್ಲ. ಸುಮಾರು 1025ರಲ್ಲಿ ಚಾವುಂಡರಾಯನೆಂಬವನು ಬರೆದ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ಗಿಡಮರಗಳ ಜೊತೆ ಅಡಿಗೆಗೂ ಜಾಗವಿದೆ. ಸುಮಾರು 1508ರಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಬದನೆಗೆ, ಹಲಸಿಗೆ, ಬಾಳೆಗೆ ಅಲ್ಲಿ ಎಂಥ ಮರ್ಯಾದೆ! ಗಂಡಸರು ಪದ್ಯದಲ್ಲಿ ಬದನೆಕಾಯಿ ಬೇಯಿಸಿದ್ದು ಕಂಡು ನನಗೆ ಒಂದು ತರಹದ ಸಮಾಧಾನವೂ ಆಯಿತು. ಆದರೆ ಎಷ್ಟು ಹುಡುಕಿದರೂ ಅಲ್ಲಿ ಮೆಣಸಿನಕಾಯಿ ಇಲ್ಲ. ಖಾರವೆಂದರೆ ಮೆಣಸು, ಶುಂಠಿ.

ಇರುವುದಾದರೂ ಹೇಗೆ? ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಕೊಲಂಬಸ್ ಆ ಕಡೆ ಹೋಗಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರು ಬಂದದ್ದು ನಮ್ಮ ಮೆಣಸಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದೇ ಅವರು ಕರೆದರು. ಮೆಣಸು ಕೊಂಡೊಯ್ದವರು ಮೆಣಸಿನಕಾಯಿ ಬಿಟ್ಟುಹೋದರು. ನಮ್ಮವರು ಆ ಹೊಸ ಖಾರಕ್ಕೆ ಹಳೆಯದರ ಹೆಸರನ್ನೇ ಇಟ್ಟು 'ಮೆಣಸಿನಕಾಯಿ' ಎಂದರು. ಅದು ಎಷ್ಟು ಬೇರೂರಿತೆಂದರೆ, ಮನೆಯ ಹಿರಿಯ ಮೆಣಸೇ ಈಗ 'ಕರಿಮೆಣಸು', 'ಕಾಳುಮೆಣಸು' ಎಂದು ಗುರುತು ಹೇಳಿಕೊಳ್ಳಬೇಕಾಗಿದೆ. ಸೊಸೆ ಬಂದ ಮೇಲೆ ಅತ್ತೆ 'ದೊಡ್ಡಮ್ಮ' ಆದ ಹಾಗೆ. ನಮ್ಮ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಆಲೂಗಡ್ಡೆಯ ಕತೆಯೂ ಅದೇ. ತವರಲ್ಲಿ ನಾವನ್ನುವ 'ಬಟಾಟಿ' ಪೋರ್ಚುಗೀಸರ ಬಾಯಿಂದ ಬಂದ ಮಾತು. ಸೀಮೆಬದನೆಯಂತೂ ಹೆಸರಲ್ಲೇ ತನ್ನ ವಿಳಾಸ ಹೊತ್ತಿದೆ. ತಿಥಿಯ ದಿನ ನಮ್ಮತ್ತೆ ಅಡಿಗೆಮನೆಯಿಂದ ಹೊರಗಿಟ್ಟದ್ದು ಹಡಗಿನಲ್ಲಿ ಬಂದವರನ್ನು. ಒಳಗುಳಿದದ್ದು ಗೋರಿಕಾಯಿ, ಬಾಳೆಕಾಯಿ, ಹಾಗಲಕಾಯಿ, ಉದ್ದು, ಹೆಸರು, ಎಳ್ಳು, ಮೆಣಸು. ಮಂಗರಸ ಬಂದರೂ ಕೂತು ಉಣ್ಣಬಹುದಾದ ಊಟ.

ಎಲ್ಲ ಲೆಕ್ಕವೂ ಹೀಗೆ ಚುಕ್ತಾ ಆಗುತ್ತದೆ ಎನ್ನಲಾರೆ. ಬದನೆ ನಮ್ಮದೇ ನೆಲದ್ದು, ನಮ್ಮ ಮನೆಯ ತಿಥಿಗೆ ಅದು ಆಗದು. ಸಿಹಿಗೆಣಸು ಅಮೆರಿಕದ್ದು, ಅದು ಆಗುತ್ತದೆ. ಕಾಡುಗೆಣಸಿನ ಹೆಸರಿನ ಮರೆಯಲ್ಲಿ ನುಸುಳಿರಬೇಕೆಂದು ನನ್ನ ಊಹೆ. ಏಕಾದಶಿಯದು ಇನ್ನೂ ಸೊಗಸು. ತವರಿನಲ್ಲಿ ಅವ್ವ ಉಪವಾಸಕ್ಕೆ ಸಾಬೂದಾಣಿ ಉಸುಳಿ ಮಾಡುತ್ತಿದ್ದಳು. ಅದರಲ್ಲಿ ಸಾಬೂದಾಣಿ, ಶೇಂಗಾ, ಬಟಾಟಿ, ಹಸಿಮೆಣಸಿನಕಾಯಿ. ಸಾಬೂದಾಣಿಯನ್ನು ಮಾಡುವುದು ಮರಗೆಣಸಿನಿಂದ; ಸೇಲಂ ಕಡೆ ಅದರ ಉದ್ಯಮ ಶುರುವಾದದ್ದೇ 1940ರ ದಶಕದಲ್ಲಿ. ನಾಲ್ಕಕ್ಕೆ ನಾಲ್ಕೂ ಅಮೆರಿಕದಿಂದ ಬಂದ ಬೆಳೆ! ಇದನ್ನು ಹೇಳಿದಾಗ ಅವ್ವ, "ಅದಕ್ಕ ಅಷ್ಟು ರುಚಿ" ಎಂದು ಇನ್ನೊಂದು ಸೌಟು ಬಡಿಸಿಕೊಂಡಳು.

ಅತ್ತೆಗೂ ಹೇಳಿದೆ. ಮಂಗರಸ, ಹಡಗು, ಗೋವೆ ಎಲ್ಲ ಕೇಳಿಸಿಕೊಂಡು, "ನಾನು ಅಂದದ್ದೂ ಅದೇ ಅಲ್ಲವೇನೇ? ಪಿತೃಗಳಿಗೆ ರೂಢಿಯಿಲ್ಲ ಅಂತ" ಎಂದರು. ನಾನು ಇಪ್ಪತ್ತು ವರ್ಷ ತಡವಾಗಿ ಬಂದಿದ್ದೆ, ಅಷ್ಟೆ.

1996ರ ಮಳೆಗಾಲದಲ್ಲಿ ಅತ್ತೆ ಹೋದರು. ಮರುವರ್ಷ ಅವರ ತಿಥಿಗೆ ಅಡಿಗೆಮನೆಯಲ್ಲಿ ನಿಂತವಳು ನಾನು. ಈಗ ನನ್ನ ಕೈ ತಪ್ಪುತ್ತಿರಲಿಲ್ಲ. ಮೆಣಸು ಜೀರಿಗೆ ಹುರಿದು ಕುಟ್ಟಿದ ಸಾರು ಅವರದರ ಹಾಗೆಯೇ ಬಂದಿತ್ತು. ಆದರೆ ಎಲೆಯ ಮೇಲೆ ಒಂದೊಂದೇ ಬಡಿಸುವಾಗ ನನಗೆ ಹೊಳೆದು ಕೈ ನಿಂತಿತು: ಇದರಲ್ಲಿ ಅವರಿಗೆ ಇಷ್ಟವಾದದ್ದು ಒಂದೂ ಇಲ್ಲ. ಹಾಗಲಕಾಯಿ ಅವರಿಗೆ ಸೇರದು. ಗೋರಿಕಾಯಿಯನ್ನು "ಹುಲ್ಲು" ಎನ್ನುತ್ತಿದ್ದರು. ಮಳೆ ಹನಿಯಿತೆಂದರೆ ಅವರಿಗೆ ಬೇಕಾಗುತ್ತಿದ್ದದ್ದು ಮೆಣಸಿನಕಾಯಿ ಬಜ್ಜಿ. ಕೊನೆಕೊನೆಗೆ ಹಲ್ಲು ಹೋದ ಮೇಲೆ ಬಜ್ಜಿಯನ್ನು ಒರಳಿನಲ್ಲಿ ಜಜ್ಜಿಸಿಕೊಂಡು ಮೊಸರಿನಲ್ಲಿ ಕಲಸಿ ತಿನ್ನುತ್ತಿದ್ದರು. ಐನೂರು ವರ್ಷದ ಹಿಂದಿನ ಪಿತೃಗಳಿಗೆ ರೂಢಿಯಿಲ್ಲ, ಸರಿ. ಇವರಿಗೆ ಇತ್ತಲ್ಲ?

ಯಜಮಾನರಿಗೆ ಹೇಳಿದೆ. "ಶಾಸ್ತ್ರ ಅಂದ ಮೇಲೆ ಶಾಸ್ತ್ರ" ಎಂದರು. ನಾನು ವಾದಿಸಲಿಲ್ಲ. ಅತ್ತೆಯೇ ಇದ್ದಿದ್ದರೂ ಆ ದಿನ ಒಲೆಯ ಬಳಿ ಮೆಣಸಿನಕಾಯಿ ಬಿಡುತ್ತಿರಲಿಲ್ಲ.

ಮರುದಿನ ಸಂಜೆ ಕಡಲೆಹಿಟ್ಟು ಕಲಸಿದೆ. ಓಮ, ಉಪ್ಪು, ಒಂದು ಚಮಚ ಕಾದ ಎಣ್ಣೆ. ಉದ್ದನೆಯ ಬಜ್ಜಿ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಅವರು ಮಾಡುತ್ತಿದ್ದ ಹಾಗೆ ಹುಣಿಸೆಹಣ್ಣು ಜೀರಿಗೆ ಸವರಿ, ಎಣ್ಣೆಗೆ ಬಿಟ್ಟೆ. ಯಾರಿಗೂ ಏನೂ ಹೇಳಿರಲಿಲ್ಲ. ವಾಸನೆಗೆ ಯಜಮಾನರು ಬಂದು ಬಾಗಿಲಿಗೊರಗಿ ನಿಂತರು. ಏನಾದರೂ ಅನ್ನುತ್ತಾರೆಂದು ನಾನು ಬಾಣಲೆ ಕಡೆಗೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೆಂದರು: "ಇನ್ನೆರಡು ಹಾಕು. ಅಮ್ಮ ನಾಲ್ಕಕ್ಕೆ ನಿಲ್ಲಿಸ್ತಿರಲಿಲ್ಲ."